ಇಪ್ಪತ್ತೆಂಟಕ್ಕೆ ಹೊರಟ ಡಿಫೆಂಡರ್

ಟ್ಯುನೀಸಿಯಾದ ಫುಟ್‌ಬಾಲ್ ಆಟಗಾರ ಹೊರದೇಶಕ್ಕೆ ಹೋದ ಅಂದರೆ ಸಾಮಾನ್ಯವಾಗಿ ಫ್ರಾನ್ಸ್‌ಗೆ ಹೋದ ಅಂತಲೇ ಅರ್ಥ. 1956ರವರೆಗೆ ಆ ದೇಶ ಫ್ರಾನ್ಸಿನ ಕೈಯಲ್ಲಿತ್ತು. ಶಾಲೆಯಲ್ಲಿ ಫ್ರೆಂಚ್ ಕಲಿತಿರುತ್ತಾರೆ, ಮಾರ್ಸೇಯಲ್ಲೋ ಪ್ಯಾರಿಸ್‌ನಲ್ಲೋ ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಾರೆ. ಸಮುದ್ರ ದಾಟಿದರೆ ಅರ್ಧ ಮನೆ ಅಲ್ಲೇ. ಇಂಗ್ಲೆಂಡ್ ಹಾಗಲ್ಲ. ಭಾಷೆ ಬೇರೆ, ಚಳಿ-ಮಳೆ ಬೇರೆ, ಆಟದ ರೀತಿಯೂ ಬೇರೆ. ಅಲ್ಲಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್ ಶುರುವಾಗಿದ್ದು 1992ರಲ್ಲಿ. ಅದರಲ್ಲಿ ಮೊದಲ ಟ್ಯುನೀಸಿಯನ್ ಆಡಿದ್ದು 2004ರಲ್ಲಿ. ಆತ ಗೋಲು ಹೊಡೆದು ಹೆಸರು ಮಾಡಿದ ಫಾರ್ವರ್ಡ್ ಅಲ್ಲ. ಆರಡಿ ದಾಟಿದ ಒಬ್ಬ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್. ಹೆಸರು ರಾಧಿ ಜೈದಿ. ಆಗ ಅವರಿಗೆ 28 ತುಂಬಿ 29 ಹತ್ತಿರ ಬಂದಿತ್ತು.

ಇವತ್ತು ನಾನು ಇವರನ್ನೇ ಹಿಡಿದುಕೊಂಡಿರೋದಕ್ಕೆ ಕಾರಣ ಇದೆ. ಹೊರದೇಶಕ್ಕೆ ಹೋದ ಆಟಗಾರರನ್ನು ನಾವು ಅಳೆಯೋದು ಒಂದೇ ರೀತಿ. ಎಷ್ಟು ಚಿಕ್ಕ ವಯಸ್ಸಿಗೆ ಹೋದ, ಎಷ್ಟು ಕೋಟಿಗೆ ಹೋದ, ಎಷ್ಟು ದೊಡ್ಡ ಕ್ಲಬ್‌ಗೆ ಹೋದ. ಕೆಳಗಿನ ದರ್ಜೆಗೆ ಇಳಿದರೆ 'ಪಾಪ, ಮುಗೀತು ಅವನ ಕಥೆ' ಅಂದುಬಿಡ್ತೀವಿ. ಜೈದಿ ತಡವಾಗಿ ಹೋದರು, ಬಿಡಿಗಾಸೂ ಇಲ್ಲದ ವರ್ಗಾವಣೆಯಲ್ಲಿ ಹೋದರು, ಮೊದಲ ದರ್ಜೆಯಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಇಳಿದರು. ಆದರೂ ನನ್ನ ಲೆಕ್ಕದಲ್ಲಿ ಟ್ಯುನೀಸಿಯಾದಿಂದ ಹೊರಗೆ ಹೋದ ಡಿಫೆಂಡರ್‌ಗಳಲ್ಲಿ ವೃತ್ತಿಯನ್ನು ಇಷ್ಟು ಗಟ್ಟಿಯಾಗಿ ಕಟ್ಟಿಕೊಂಡವರು ಕಡಿಮೆ. ಹೇಗೆ ಅಂತ ನೋಡೋಣ.

ಜೈದಿ ಹುಟ್ಟಿದ್ದು 1975ರ ಆಗಸ್ಟ್‌ನಲ್ಲಿ, ಗಾಬೆಸ್‌ನಲ್ಲಿ. ದಕ್ಷಿಣ ಟ್ಯುನೀಸಿಯಾದ ಊರು ಅದು. ಒಂದು ಕಡೆ ಸಮುದ್ರ, ಅದಕ್ಕೆ ಅಂಟಿಕೊಂಡೇ ಖರ್ಜೂರದ ತೋಟ. ಇನ್ನೊಂದು ಕಡೆ ಫಾಸ್ಫೇಟ್ ಕಾರ್ಖಾನೆಗಳು. ಅಲ್ಲಿನ ಸ್ಟಾಡ್ ಗಾಬೇಸಿಯನ್ ಕ್ಲಬ್‌ನಲ್ಲಿ ಆಟ ಕಲಿತರು. 1993ರಲ್ಲಿ ರಾಜಧಾನಿ ಟ್ಯೂನಿಸ್‌ನ ಎಸ್ಪೆರಾನ್ಸ್ ಕ್ಲಬ್‌ಗೆ ಬಂದರು.

ಎಸ್ಪೆರಾನ್ಸ್ ಬಗ್ಗೆ ಸ್ವಲ್ಪ ಹೇಳಬೇಕು. 1919ರಲ್ಲಿ ಶುರುವಾದ ಕ್ಲಬ್. ಕೆಂಪು-ಹಳದಿ ಬಣ್ಣ. ಹೌದು, ನಮ್ಮ ಬಾವುಟದ್ದೇ ಬಣ್ಣ! ಹಾಗಂತ ನೀವು ಇವತ್ತೇ ಅಭಿಮಾನಿಗಳಾಗಬೇಕು ಅಂತ ನಾನು ಹೇಳ್ತಿಲ್ಲ. 1998ರಿಂದ 2004ರವರೆಗೆ ಈ ಕ್ಲಬ್ ಸತತವಾಗಿ 7 ಸಲ ಲೀಗ್ ಗೆದ್ದಿತು. ಆ ಏಳೂ ವರ್ಷ ಜೈದಿ ಅಲ್ಲೇ ಇದ್ದರು. ಅಂದರೆ ನಮಗೆ ಗೊತ್ತಾಗುವ ಹೊತ್ತಿಗೆ ಅವರು ಹೊಸಬರೇನೂ ಆಗಿರಲಿಲ್ಲ. ಹತ್ತು ವರ್ಷ ಒಂದೇ ಕ್ಲಬ್‌ನಲ್ಲಿ ಆಡಿ, ಗೆದ್ದು, ಗೆದ್ದೂ ಗೆದ್ದೂ ಸಾಕಾದವರು. ಆ ಏಳು ವರ್ಷಗಳಲ್ಲಿ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಮಾತ್ರ ಕೈಗೆ ಸಿಕ್ಕದೆ ಸತಾಯಿಸಿತು. 1999ರ ಫೈನಲ್‌ನಲ್ಲಿ ಮೊರಾಕ್ಕೊದ ರಾಜಾ ಕಾಸಾಬ್ಲಾಂಕಾ ವಿರುದ್ಧ ಪೆನಾಲ್ಟಿಯಲ್ಲಿ ಸೋತರು. 2000ದಲ್ಲಿ ಘಾನಾದ ಹಾರ್ಟ್ಸ್ ಆಫ್ ಓಕ್ ವಿರುದ್ಧ ಸೋತರು.

ಈಗ 2004ಕ್ಕೆ ಬರೋಣ. ಆಫ್ರಿಕಾದ ದೇಶಗಳು ಆಡುವ ಆಫ್ರಿಕನ್ ಕಪ್ ಆ ವರ್ಷ ನಡೆದಿದ್ದು ಟ್ಯುನೀಸಿಯಾದಲ್ಲೇ. ತರಬೇತುದಾರ ಫ್ರಾನ್ಸಿನ ರೋಜರ್ ಲೆಮೇರ್. 2000ದಲ್ಲಿ ಫ್ರಾನ್ಸ್‌ಗೆ ಯುರೋ ಕಪ್ ಗೆಲ್ಲಿಸಿಕೊಟ್ಟವರು, 2002ರ ವಿಶ್ವಕಪ್‌ನಲ್ಲಿ ಒಂದೂ ಗೋಲಿಲ್ಲದೆ ಮನೆಗೆ ಬಂದವರು. ಸೆಮಿಫೈನಲ್‌ನಲ್ಲಿ ಎದುರಿಗೆ ನೈಜೀರಿಯಾ. ಅವರ ನಾಯಕ ಜೇಜೇ ಒಕೋಚಾ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ಟ್ಯುನೀಸಿಯಾ ಪರ ಖಾಲಿದ್ ಬದ್ರಾ, ಅವರೂ ಡಿಫೆಂಡರೇ, ಪೆನಾಲ್ಟಿಯಲ್ಲೇ ಸಮ ಮಾಡಿದರು. ಕೊನೆಗೆ ಶೂಟೌಟ್‌ನಲ್ಲಿ ಟ್ಯುನೀಸಿಯಾ ಗೆದ್ದಿತು. ಫೆಬ್ರವರಿ 14ರಂದು ರಾದೆಸ್ ಮೈದಾನದಲ್ಲಿ ಫೈನಲ್. ಮೊರಾಕ್ಕೊ ವಿರುದ್ಧ 2-1. ಟ್ಯುನೀಸಿಯಾಕ್ಕೆ ಅದು ಮೊದಲ ಆಫ್ರಿಕನ್ ಕಪ್.

ಇದಾಗಿ ಐದು ತಿಂಗಳಿಗೆ ಜೈದಿ ಮತ್ತು ಒಕೋಚಾ ಒಂದೇ ಡ್ರೆಸ್ಸಿಂಗ್ ರೂಮ್‌ನಲ್ಲಿ ಕೂತಿದ್ದರು. ಬೋಲ್ಟನ್‌ನಲ್ಲಿ.

ಇಲ್ಲಿ ಒಂದು ಪಕ್ಕದ ಮಾತು ಹೇಳಲೇಬೇಕು, ಯಾಕಂದರೆ ಇದು ನಮಗೂ ಸಂಬಂಧಪಟ್ಟದ್ದು. ಇಂಗ್ಲೆಂಡಿನಲ್ಲಿ ಆಡೋದಕ್ಕೆ ಕ್ಲಬ್ ಕರೆದರೆ ಸಾಲದು. ಯುರೋಪಿನ ಒಕ್ಕೂಟದ ಹೊರಗಿನವರಿಗೆ ಕೆಲಸದ ಪರವಾನಗಿ ಬೇಕಿತ್ತು. ಆಗಿನ ನಿಯಮ ಹೀಗಿತ್ತು: ಹಿಂದಿನ ಎರಡು ವರ್ಷಗಳಲ್ಲಿ ನಿಮ್ಮ ದೇಶದ ಮುಖ್ಯ ಪಂದ್ಯಗಳಲ್ಲಿ ಶೇ. 75ರಲ್ಲಿ ನೀವು ಆಡಿರಬೇಕು. ಜೊತೆಗೆ ನಿಮ್ಮ ದೇಶ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರೊಳಗೆ ಇರಬೇಕು. ನೀವು ಎಷ್ಟು ಚೆನ್ನಾಗಿ ಆಡ್ತೀರಿ ಅನ್ನೋದರ ಜೊತೆಗೆ ನಿಮ್ಮ ದೇಶದ ಉಳಿದ ಹತ್ತು ಜನ ಹೇಗೆ ಆಡ್ತಾರೆ ಅನ್ನೋದೂ ನಿಮ್ಮ ಕೆಲಸವನ್ನು ತೀರ್ಮಾನಿಸುತ್ತೆ. ನಮ್ಮ ಬೈಚುಂಗ್ ಭುಟಿಯಾ 1999ರಲ್ಲಿ ಬರಿ ಕ್ಲಬ್‌ಗೆ ಹೋದರಲ್ವಾ, ಆ ಬರಿ ಊರು ಬೋಲ್ಟನ್‌ಗೆ ಬಗಲಲ್ಲೇ ಇದೆ. ಎರಡೂ ಮ್ಯಾಂಚೆಸ್ಟರ್ ಸುತ್ತಿನ ಹಳೇ ಹತ್ತಿ ಗಿರಣಿ ಊರುಗಳು. ಬೈಚುಂಗ್‌ಗೆ ಆಗ 22 ವರ್ಷ. ಭಾರತ ಆ ಎಪ್ಪತ್ತರ ಹತ್ತಿರವೂ ಇರಲಿಲ್ಲ. ಜೈದಿ ವಿಷಯದಲ್ಲಿ ಟ್ಯುನೀಸಿಯಾ ಆ ಪಟ್ಟಿಯೊಳಗೆ ಆರಾಮಾಗಿ ಇತ್ತು, ಮೇಲೆ ಆಫ್ರಿಕನ್ ಕಪ್ ಬೇರೆ. ಇಬ್ಬರು ಆಟಗಾರರು ಹೋಗಿದ್ದು ಕೆಲವೇ ಮೈಲಿ ಅಂತರದ ಎರಡು ಊರಿಗೆ. ಆದರೆ ಅವರ ಹಿಂದೆ ನಿಂತ ದೇಶದ ಫುಟ್‌ಬಾಲ್ ತೂಕ ಒಂದೇ ಆಗಿರಲಿಲ್ಲ.

ಬೋಲ್ಟನ್ ವಾಂಡರರ್ಸ್ ಜೈದಿಯನ್ನು ಫ್ರೀ ಟ್ರಾನ್ಸ್‌ಫರ್‌ನಲ್ಲಿ ತಂದಿತು. ಎಸ್ಪೆರಾನ್ಸ್ ಜೊತೆಗಿನ ಕರಾರು ಮುಗಿದಿತ್ತು, ಹಾಗಾಗಿ ಆ ಕ್ಲಬ್‌ಗೆ ದುಡ್ಡು ಕೊಡಬೇಕಾಗಿರಲಿಲ್ಲ. ಬೋಲ್ಟನ್‌ನ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್‌ದು ಇದೇ ವ್ಯಾಪಾರ. ಕ್ಲಬ್‌ನಲ್ಲಿ ಕಾಸಿಲ್ಲ, ಆದರೆ ಕಣ್ಣು ಚುರುಕು. ದೊಡ್ಡ ಕ್ಲಬ್‌ಗಳು 'ವಯಸ್ಸಾಯ್ತು' ಅಂತ ಬಿಟ್ಟವರನ್ನೆಲ್ಲ ಕರೆದು ಕೂರಿಸುತ್ತಿದ್ದರು. ಆ ವರ್ಷದ ಬೋಲ್ಟನ್ ತಂಡ ನೋಡಿ. ನೈಜೀರಿಯಾದ ಒಕೋಚಾ. ರಿಯಲ್ ಮ್ಯಾಡ್ರಿಡ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದ ಇವಾನ್ ಕಾಂಪೊ. ಅದೇ ಮ್ಯಾಡ್ರಿಡ್‌ನ ನಾಯಕನಾಗಿದ್ದ ಫೆರ್ನಾಂಡೊ ಹಿಯೆರೊ, 36ರ ವಯಸ್ಸಿನಲ್ಲಿ. ಸೆನೆಗಲ್‌ನ ಎಲ್ ಹಾಜಿ ದಿಯೂಫ್. ಕೆಲವೇ ವಾರಗಳ ಹಿಂದೆ ಗ್ರೀಸ್ ಪರ ಯುರೋ ಗೆದ್ದಿದ್ದ ಸ್ಟೆಲಿಯೋಸ್. ವೇಲ್ಸ್‌ನ ಗ್ಯಾರಿ ಸ್ಪೀಡ್. ಫಿನ್‌ಲೆಂಡಿನ ಗೋಲ್‌ಕೀಪರ್ ಯಾಸ್ಕೆಲೈನೆನ್. ಇಂಥ ಕಡೆ 28 ವರ್ಷದ ಟ್ಯುನೀಸಿಯನ್ ಯಾರಿಗೂ ವಿಚಿತ್ರ ಅನಿಸಿರಲಿಕ್ಕಿಲ್ಲ. ಅಲ್ಲಿ ಅವರು ಚಿಕ್ಕವರ ಪೈಕಿ!

ಅಲರ್ಡೈಸ್ ತಂಡದ ಆಟವನ್ನು ಇಂಗ್ಲೆಂಡಿನಲ್ಲಿ ಜಾಸ್ತಿ ಜನ ಬಾಯ್ತುಂಬ ಬೈಯುತ್ತಿದ್ದರು. ಉದ್ದಕ್ಕೆ ಹೊಡೀತಾರೆ, ಮೈ ಮೇಲೆ ಬೀಳ್ತಾರೆ ಅಂತ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ ಕ್ಲಬ್‌ನಲ್ಲಿ ವಿಡಿಯೊ, ಅಂಕಿಅಂಶ, ಆಹಾರ, ನಿದ್ದೆ ಎಲ್ಲದಕ್ಕೂ ಲೆಕ್ಕ ಇಡುತ್ತಿದ್ದರು. ಫ್ರೀಕಿಕ್, ಕಾರ್ನರ್, ಉದ್ದನೆಯ ಥ್ರೋ ಬಂದಾಗ ಯಾರು ಎಲ್ಲಿ ನಿಲ್ಲಬೇಕು, ಚೆಂಡು ಪುಟಿದರೆ ಯಾವ ಜಾಗಕ್ಕೆ ಬರುತ್ತೆ, ಎಲ್ಲ ಮೊದಲೇ ತಯಾರಿ. ಇಂಥ ತಂಡಕ್ಕೆ ಎತ್ತರದ, ಗಾಳಿಯಲ್ಲಿ ಚೆಂಡು ಗೆಲ್ಲುವ ಸೆಂಟರ್ ಬ್ಯಾಕ್ ಅಂದರೆ ಎರಡು ಕೆಲಸಕ್ಕೆ ಒಬ್ಬನೇ ಆಳು. ಈ ಕಡೆ ಗೋಲು ತಡೀತಾನೆ, ಆ ಕಡೆ ಹೋಗಿ ಹೊಡೀತಾನೆ.

2004ರ ನವೆಂಬರ್ 20 ಅದಕ್ಕೆ ಒಳ್ಳೇ ಉದಾಹರಣೆ. ಮೈದಾನ ಸ್ಟ್ಯಾಂಫರ್ಡ್ ಬ್ರಿಜ್. ಎದುರಿಗೆ ಚೆಲ್ಸಿ, ಅಲ್ಲಿ ಮ್ಯಾನೇಜರ್ ಆಗಿ ಜೋಸೆ ಮೌರಿನ್ಯೋ ಅವರ ಮೊದಲ ವರ್ಷ. ಮೊದಲ ನಿಮಿಷದಲ್ಲೇ ಡೇಮಿಯನ್ ಡಫ್ ಗೋಲು ಹೊಡೆದರು. ವಿರಾಮ ಮುಗಿಸಿ ಬಂದ ಕೂಡಲೇ ಟಿಯಾಗೊ ಇನ್ನೊಂದು. 2-0. ಆ ಸೀಸನ್‌ನ ಚೆಲ್ಸಿ ಎರಡು ಗೋಲು ಮುಂದಿದ್ದರೆ ಪಂದ್ಯ ಮುಗೀತು ಅಂತ ಟೀವಿ ಆರಿಸಬಹುದಿತ್ತು. ನಾಲ್ಕೇ ನಿಮಿಷಕ್ಕೆ ಬೋಲ್ಟನ್‌ನ ಕೆವಿನ್ ಡೇವಿಸ್ ಒಂದು ವಾಪಸ್ ಕೊಟ್ಟರು. ಆಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಏನೂ ಇಲ್ಲ. 87ನೇ ನಿಮಿಷ. ಬೋಲ್ಟನ್‌ನ ಎತ್ತರದವರೆಲ್ಲ ಚೆಲ್ಸಿ ಗೋಲಿನ ಮುಂದೆ ಗುಂಪು ಕೂಡಿದ್ದಾರೆ. ಒಳಗೆ ಬಂದ ಚೆಂಡನ್ನು ಚೆಲ್ಸಿಯವರಿಗೆ ಹೊರಗೆ ದಾಟಿಸಲಾಗಲಿಲ್ಲ. ಅದು ಜೈದಿ ಹತ್ತಿರ ಬಂತು, ಜೈದಿ ಬಲೆಗೆ ಹೊಡೆದರು. 2-2.

ಆ ಸೀಸನ್ ಪೂರ್ತಿ 38 ಪಂದ್ಯಗಳಲ್ಲಿ ಚೆಲ್ಸಿ ಬಿಟ್ಟುಕೊಟ್ಟಿದ್ದು ಬರೀ 15 ಗೋಲು. ಅದರಲ್ಲಿ ಎರಡು ಆ ಒಂದೇ ಸಂಜೆ. ಆಮೇಲೆ ಏಪ್ರಿಲ್ 30ರಂದು ಚೆಲ್ಸಿ ಬೋಲ್ಟನ್‌ಗೆ ಬಂದು, ಲ್ಯಾಂಪಾರ್ಡ್ ಎರಡು ಗೋಲು ಹೊಡೆದು, 50 ವರ್ಷದ ನಂತರ ಲೀಗ್ ಗೆದ್ದಿದ್ದೂ ಇದೇ ಬೋಲ್ಟನ್ ಮೈದಾನದಲ್ಲಿ. ಬೋಲ್ಟನ್ 58 ಅಂಕ ಪಡೆದು ಆರನೇ ಸ್ಥಾನಕ್ಕೆ ಬಂತು. ಐದನೇ ಸ್ಥಾನದ ಲಿವರ್‌ಪೂಲ್‌ಗೂ 58 ಅಂಕವೇ. ಅದೇ ಲಿವರ್‌ಪೂಲ್ ಆ ವರ್ಷ ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿದ್ದು ನಿಮಗೆಲ್ಲ ನೆನಪಿರುತ್ತೆ. ಬೋಲ್ಟನ್ ತನ್ನ ಚರಿತ್ರೆಯಲ್ಲೇ ಮೊದಲ ಸಲ ಯುರೋಪಿನ ಎರಡನೇ ದೊಡ್ಡ ಕ್ಲಬ್ ಟೂರ್ನಿಯಾದ ಯುಇಎಫ್‌ಎ ಕಪ್‌ಗೆ ಹೋಯಿತು, ಮುಂದಿನ ವರ್ಷ ಮಾರ್ಸೇ ವಿರುದ್ಧ ಸೋತು ಹೊರಬಂತು.

2006ರಲ್ಲಿ ಎರಡು ದೊಡ್ಡ ಟೂರ್ನಿಗಳು ಬಂದವು. ಜನವರಿಯಲ್ಲಿ ಈಜಿಪ್ಟ್‌ನಲ್ಲಿ ಆಫ್ರಿಕನ್ ಕಪ್. ಇಂಗ್ಲೆಂಡಿನ ಸೀಸನ್ ನಡುಮಧ್ಯದಲ್ಲಿ ಇರುವಾಗ ಆಫ್ರಿಕಾದ ಆಟಗಾರರು ಕ್ಲಬ್ ಬಿಟ್ಟು ಹೊರಡಬೇಕು. ಕ್ಲಬ್‌ಗೆ ಸಿಟ್ಟು, ದೇಶಕ್ಕೆ ಹೋಗದಿದ್ದರೆ ಊರಿನವರಿಗೆ ಸಿಟ್ಟು. ಆಫ್ರಿಕಾದ ಪ್ರತಿ ಆಟಗಾರನ ತಲೆನೋವು ಇದು. ಟ್ಯುನೀಸಿಯಾ ಈ ಸಲ ಕ್ವಾರ್ಟರ್‌ಫೈನಲ್‌ನಲ್ಲೇ ನೈಜೀರಿಯಾಕ್ಕೆ ಪೆನಾಲ್ಟಿಯಲ್ಲಿ ಸೋತಿತು. ಎರಡು ವರ್ಷದ ಹಿಂದಿನ ಲೆಕ್ಕ ಚುಕ್ತಾ.

ಜೂನ್‌ನಲ್ಲಿ ಜರ್ಮನಿಯ ವಿಶ್ವಕಪ್. 14ರಂದು ಮ್ಯೂನಿಕ್‌ನಲ್ಲಿ ಸೌದಿ ಅರೇಬಿಯಾ ವಿರುದ್ಧ ಪಂದ್ಯ. ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ಶುರು. ಝಿಯಾದ್ ಜಝೀರಿ ಟ್ಯುನೀಸಿಯಾಕ್ಕೆ ಮೊದಲ ಗೋಲು ಕೊಟ್ಟರು. ವಿರಾಮದ ನಂತರ ಸೌದಿಯ ಅಲ್ ಖಹ್ತಾನಿ ಸಮ ಮಾಡಿದರು. 84ನೇ ನಿಮಿಷದಲ್ಲಿ, ಆಗಷ್ಟೇ ಬದಲಿ ಆಟಗಾರನಾಗಿ ಇಳಿದಿದ್ದ ಸಾಮಿ ಅಲ್ ಜಾಬಿರ್ ಗೋಲು ಹೊಡೆದರು. 1994ರ ವಿಶ್ವಕಪ್‌ನಲ್ಲೂ ಗೋಲು ಹೊಡೆದಿದ್ದ ಹಳೇ ಹುಲಿ ಅದು. ಸೌದಿಯವರು ಕುಣಿಯೋಕೆ ಶುರು ಮಾಡಿದ್ದರು. ಹೆಚ್ಚುವರಿ ಸಮಯದ ಎರಡನೇ ನಿಮಿಷ. ಜಝೀರಿ ಬದಿಯಿಂದ ಚೆಂಡನ್ನು ಒಳಗೆ ಹಾಕಿದರು. ಡಿಫೆನ್ಸ್ ಬಿಟ್ಟು ಅಷ್ಟು ಮುಂದೆ ಬಂದಿದ್ದ ಜೈದಿ ಹೆಡ್ಡರ್ ಹೊಡೆದರು. 2-2. ಮತ್ತೆ ಅದೇ ಅಂಕಿ, ಮತ್ತೆ ಕೊನೆಯ ಗಳಿಗೆ. ಆದರೆ ಅದರಿಂದ ಟ್ಯುನೀಸಿಯಾಕ್ಕೆ ದೊಡ್ಡ ಲಾಭವೇನೂ ಆಗಲಿಲ್ಲ. ಸ್ಪೇನ್‌ಗೆ 3-1, ಉಕ್ರೇನ್‌ಗೆ 1-0 ಸೋತು ಮನೆಗೆ ಹೋದರು.

ಅಂದಹಾಗೆ ಟ್ಯುನೀಸಿಯಾದ ಡಿಫೆಂಡರ್‌ಗಳಿಗೂ ವಿಶ್ವಕಪ್ ಗೋಲಿಗೂ ಹಳೇ ನಂಟು. 1978ರಲ್ಲಿ ಅರ್ಜೆಂಟೀನಾದಲ್ಲಿ ಮೆಕ್ಸಿಕೊವನ್ನು 3-1ರಿಂದ ಸೋಲಿಸಿ, ವಿಶ್ವಕಪ್‌ನಲ್ಲಿ ಪಂದ್ಯ ಗೆದ್ದ ಮೊದಲ ಆಫ್ರಿಕನ್ ತಂಡ ಆಯಿತಲ್ಲ ಟ್ಯುನೀಸಿಯಾ, ಆವತ್ತು ಅವರ ಮೊದಲ ಗೋಲು ಹೊಡೆದ ಅಲಿ ಕಾಬಿ ಕೂಡ ಡಿಫೆಂಡರ್.

ವಿಶ್ವಕಪ್ ಮುಗಿದ ಮೇಲೆ ಜೈದಿ ಬರ್ಮಿಂಗ್‌ಹ್ಯಾಮ್ ಸಿಟಿಗೆ ಹೋದರು. ಬರ್ಮಿಂಗ್‌ಹ್ಯಾಮ್ ಆಗಷ್ಟೇ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ಚಾಂಪಿಯನ್‌ಶಿಪ್‌ಗೆ ಬಿದ್ದಿತ್ತು. ಐಪಿಎಲ್ ನೋಡಿ ರೂಢಿ ಇರುವವರಿಗೆ ಈ ಬೀಳೋದು ಏಳೋದು ಸ್ವಲ್ಪ ವಿವರಿಸಬೇಕು. ಐಪಿಎಲ್‌ನಲ್ಲಿ ಕೊನೆಗೆ ಬಂದ ತಂಡ ಮುಂದಿನ ವರ್ಷವೂ ಐಪಿಎಲ್‌ನಲ್ಲೇ ಆಡುತ್ತೆ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್‌ನ ಕೊನೆಯ ಮೂರು ತಂಡ ಕೆಳಗೆ ಹೋಗಲೇಬೇಕು, ಕೆಳಗಿನಿಂದ ಮೂರು ಮೇಲೆ ಬರುತ್ತವೆ. ಕೆಳಗೆ ಹೋದರೆ ಟೀವಿ ದುಡ್ಡು ಕುಸಿಯುತ್ತೆ, ಒಳ್ಳೆ ಆಟಗಾರರು ಜಾಗ ಖಾಲಿ ಮಾಡ್ತಾರೆ. ಅಂಥ ಹೊತ್ತಿನಲ್ಲಿ, ಯುರೋಪಿನ ಟೂರ್ನಿ ಆಡಿ ಬಂದ, ವಿಶ್ವಕಪ್‌ನಲ್ಲಿ ಎರಡು ತಿಂಗಳ ಹಿಂದೆ ಗೋಲು ಹೊಡೆದ ಆಟಗಾರ ಒಂದು ಮೆಟ್ಟಿಲು ಇಳಿಯೋದು ಅಂದರೆ ಸುಮ್ನೆ ಅಲ್ಲ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಆಗಲೇ ಇನ್ನೊಬ್ಬ ಟ್ಯುನೀಸಿಯನ್ ಇದ್ದರು, ಮಿಡ್‌ಫೀಲ್ಡರ್ ಮೆಹ್ದಿ ನಫ್ತಿ. ಆಮೇಲಿನ ಮೂರು ವರ್ಷ ಆ ತಂಡ ತೊಟ್ಟಿಲು ತೂಗಿದ ಹಾಗೆ ಮೇಲೆ-ಕೆಳಗೆ ಆಡಿತು. 2007ರಲ್ಲಿ ಮ್ಯಾನೇಜರ್ ಸ್ಟೀವ್ ಬ್ರೂಸ್ ಕೈಯಲ್ಲಿ ಮೇಲೆ ಬಂತು. 2008ರಲ್ಲಿ ಮತ್ತೆ ಕೆಳಗೆ. ಅದೂ ಹೇಗೆ, ಕೊನೆಯ ದಿನ ಬ್ಲ್ಯಾಕ್‌ಬರ್ನ್ ತಂಡವನ್ನು 4-1ರಿಂದ ಸೋಲಿಸಿಯೂ ಕೆಳಗೆ! ಬೇರೆ ಮೈದಾನಗಳ ಫಲಿತಾಂಶ ಕೈಕೊಟ್ಟಿತು. 2009ರಲ್ಲಿ ಅಲೆಕ್ಸ್ ಮೆಕ್‌ಲೀಶ್ ಜೊತೆ ಮತ್ತೆ ಮೇಲೆ. ಆ ಬೇಸಿಗೆಯಲ್ಲಿ ಕ್ಲಬ್ ಜೈದಿಯನ್ನು ಬಿಟ್ಟುಕೊಟ್ಟಿತು. ತಂಡ ಮೇಲಕ್ಕೆ ಹೋಯಿತು, ಆಟಗಾರ ಹೊರಗೆ.

ಡಿಫೆಂಡರ್ ಕೆಲಸದಲ್ಲಿ ಒಂದು ಅನ್ಯಾಯ ಇದೆ. ಇದನ್ನು ಇಲ್ಲೇ ಹೇಳಿಬಿಡ್ತೀನಿ. ಜೈದಿ ಜೊತೆ ಟ್ಯುನೀಸಿಯಾ ಡಿಫೆನ್ಸ್‌ನಲ್ಲಿ ನಿಲ್ಲುತ್ತಿದ್ದ ಕರೀಂ ಹಗ್ಗಿ ಅಂತ ಒಬ್ಬರು. ಸ್ಟ್ರಾಸ್‌ಬರ್ಗ್, ಲೆವರ್‌ಕುಸೆನ್, ಹ್ಯಾನೋವರ್, ಹೀಗೆ ಫ್ರಾನ್ಸ್-ಜರ್ಮನಿಯಲ್ಲಿ ವರ್ಷಗಟ್ಟಲೆ ಆಡಿದವರು. ಯಾರೂ ಮಾತಾಡಲ್ಲ. ಆದರೆ 2009ರ ಡಿಸೆಂಬರ್‌ನಲ್ಲಿ ಗ್ಲಾಡ್‌ಬಾಕ್ ವಿರುದ್ಧ ಹ್ಯಾನೋವರ್ 5-3ರಿಂದ ಸೋತ ಪಂದ್ಯ ಇದೆಯಲ್ಲ, ಅದನ್ನು ಇವತ್ತಿಗೂ ವಿಡಿಯೊ ಹಾಕಿ ನಗ್ತಾರೆ. ಆವತ್ತು ಹ್ಯಾನೋವರ್‌ನವರು ತಮ್ಮದೇ ಬಲೆಗೆ ಮೂರು ಗೋಲು ಹಾಕಿಕೊಂಡರು. ಅದರಲ್ಲಿ ಎರಡು ಹಗ್ಗಿಯವರದು. ನಗುವವರಿಗೆ ಒಂದು ವಿಷಯ ಗೊತ್ತಿರಲ್ಲ. ಅದಕ್ಕೆ ಒಂದೇ ತಿಂಗಳ ಹಿಂದೆ ಆ ತಂಡದ ಗೋಲ್‌ಕೀಪರ್ ರಾಬರ್ಟ್ ಎಂಕೆ ತೀರಿಕೊಂಡಿದ್ದರು. ಆ ಹುಡುಗರು ಯಾವ ಮನಸ್ಥಿತಿಯಲ್ಲಿ ಮೈದಾನಕ್ಕೆ ಇಳೀತಿದ್ದರೋ. ಡಿಫೆಂಡರ್ ನೂರು ಸಲ ಚೆಂಡು ತಡೆದದ್ದಕ್ಕೆ ವಿಡಿಯೊ ಇರಲ್ಲ, ಒಂದು ಸಲ ತಪ್ಪಿದ್ದಕ್ಕೆ ಇರುತ್ತೆ.

ಸರಿ, ಜೈದಿಗೆ ವಾಪಸ್ ಬರೋಣ. 2009ರ ಸೆಪ್ಟೆಂಬರ್. ವಯಸ್ಸು 34. ಸೇರಿದ್ದು ಸೌತಾಂಪ್ಟನ್. ಇವತ್ತು ಆ ಹೆಸರು ಕೇಳಿದರೆ ಒಳ್ಳೇ ಕ್ಲಬ್ ಅನಿಸುತ್ತೆ. ಆಗ ಅದು ಮೂರನೇ ದರ್ಜೆಗೆ ಬಿದ್ದಿತ್ತು. ಸಾಲ ತಲೆ ಮೇಲೆ ಬಂದು ಮುಚ್ಚಿಹೋಗುವ ಸ್ಥಿತಿ. ಕೊನೇ ಗಳಿಗೆಯಲ್ಲಿ ಮಾರ್ಕಸ್ ಲೀಬ್‌ಹೆರ್ ಎಂಬ ಉದ್ಯಮಿ ಕೊಂಡುಕೊಂಡು ಉಳಿಸಿದರು. ಹಣಕಾಸಿನ ಗೋಳಿಗೆ ದಂಡ ಅಂತ 10 ಅಂಕ ಕಡಿತ ಬೇರೆ. ಸೊನ್ನೆಯಿಂದ ಅಲ್ಲ, ಸೊನ್ನೆಗಿಂತ ಹತ್ತು ಕೆಳಗಿನಿಂದ ಸೀಸನ್ ಶುರು.

ಆ ತಂಡದಲ್ಲಿ ಯಾರಿದ್ದರು ಗೊತ್ತಾ? ಕೆಳಗಿನ ದರ್ಜೆಗಳಲ್ಲೇ ವರ್ಷ ಕಳೆದಿದ್ದ ರಿಕಿ ಲ್ಯಾಂಬರ್ಟ್, ಮುಂದೆ ಇಂಗ್ಲೆಂಡ್ ಪರ ಆಡಿದರು. ಆಡಂ ಲಲಾನಾ, ಮುಂದೆ ಲಿವರ್‌ಪೂಲ್. ಮಾರ್ಗನ್ ಷ್ನೈಡರ್ಲಿನ್, ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್. ಹುಡುಗ ಅಲೆಕ್ಸ್ ಆಕ್ಸ್‌ಲೇಡ್-ಚೇಂಬರ್ಲೇನ್. 2010ರ ಜನವರಿಯಲ್ಲಿ ಬಂದ ಪೋರ್ಚುಗಲ್‌ನ ಜೋಸೆ ಫಾಂಟ್ ಜೈದಿ ಪಕ್ಕದಲ್ಲಿ ಸೆಂಟರ್ ಬ್ಯಾಕ್ ಆಗಿ ಆಡಿದರು. ಅದೇ ಫಾಂಟ್ 2016ರಲ್ಲಿ ರೊನಾಲ್ಡೊ ಜೊತೆ ಯುರೋ ಕಪ್ ಎತ್ತಿದರು. ಹೀಗಾಗಿ ಮೂರನೇ ದರ್ಜೆ ಅಂದ ತಕ್ಷಣ ಮೂಗು ಮುರೀಬೇಡಿ. 2010ರ ಮಾರ್ಚ್‌ನಲ್ಲಿ ಈ ತಂಡ ವೆಂಬ್ಲಿಯಲ್ಲಿ ಕಾರ್ಲೈಲ್ ಅನ್ನು 4-1ರಿಂದ ಸೋಲಿಸಿ, ಮೂರು ಮತ್ತು ನಾಲ್ಕನೇ ದರ್ಜೆಯ ಕ್ಲಬ್‌ಗಳ ಕಪ್ ಆದ ಫುಟ್‌ಬಾಲ್ ಲೀಗ್ ಟ್ರೋಫಿ ಗೆದ್ದಿತು. 2011ರಲ್ಲಿ ಎರಡನೇ ದರ್ಜೆಗೆ ಬಂತು. 2012ರಲ್ಲಿ ಪ್ರೀಮಿಯರ್ ಲೀಗ್‌ಗೆ. ಆ ಹೊತ್ತಿಗೆ ಜೈದಿಗೆ 36, ಮೈದಾನದಲ್ಲಿ ಅವರ ಪಾಲು ತೀರ ಕಡಿಮೆಯಾಗಿತ್ತು. ಆ ವರ್ಷ ಆಟ ನಿಲ್ಲಿಸಿದರು.

ಒಂದು ತಮಾಷೆ ಗಮನಿಸಿ. ಜೈದಿ ಇದ್ದ ಕ್ಲಬ್‌ಗಳು ನಾಲ್ಕು ಸಲ ಮೇಲಿನ ದರ್ಜೆಗೆ ಏರಿದವು: 2007, 2009, 2011, 2012. ನಾಲ್ಕೂ ಸಲ ಎರಡನೇ ಸ್ಥಾನ ಪಡೆದೇ ಏರಿದ್ದು. ಮೊದಲು ಬಂದವರು ಕ್ರಮವಾಗಿ ಸಂಡರ್‌ಲೆಂಡ್, ವುಲ್ವ್ಸ್, ಬ್ರೈಟನ್, ರೆಡಿಂಗ್. ಎಸ್ಪೆರಾನ್ಸ್‌ನಲ್ಲಿ ಏಳು ಸಲ ಸತತ ಮೊದಲನೇ ಸ್ಥಾನ ನೋಡಿದವರಿಗೆ ಇಂಗ್ಲೆಂಡಿನಲ್ಲಿ ಲೀಗ್‌ನ ಮೊದಲ ಸ್ಥಾನ ಒಂದು ಸಲವೂ ಸಿಗಲಿಲ್ಲ. ಪಟ್ಟಿ ನೋಡಿ ಅಳೆಯುವವರಿಗೆ ಇಲ್ಲಿ ಏನೂ ಕಾಣಲ್ಲ. ಆದರೆ ಮುಳುಗುತ್ತಿದ್ದ ಎರಡು ಕ್ಲಬ್ ತೇಲಿ ಬರುವಾಗ ಡಿಫೆನ್ಸ್‌ನಲ್ಲಿ ನಿಂತು ದುಡಿದವರು ಯಾರು ಅಂತ ಆ ಊರಿನವರಿಗೆ ಗೊತ್ತು.

ಗೊತ್ತು ಅನ್ನೋದಕ್ಕೆ ಸಾಕ್ಷಿಯೂ ಇದೆ. ಆಟ ನಿಂತ ಮೇಲೆ ಸೌತಾಂಪ್ಟನ್ ಅವರನ್ನು ತನ್ನ ಅಕಾಡೆಮಿಯಲ್ಲೇ ಕೋಚ್ ಆಗಿ ಇಟ್ಟುಕೊಂಡಿತು. ಸಾಮಾನ್ಯ ಅಕಾಡೆಮಿ ಅಲ್ಲ ಅದು. ಗ್ಯಾರೆತ್ ಬೇಲ್, ವಾಲ್ಕಾಟ್ ಬಂದ ಜಾಗ. ಅಲ್ಲಿ ಹುಡುಗರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ 23ರೊಳಗಿನವರ ತಂಡದ ಮುಖ್ಯ ಕೋಚ್ ಆದರು. ಟ್ಯುನೀಸಿಯಾ ಪರ ನೂರಕ್ಕೂ ಹೆಚ್ಚು ಪಂದ್ಯ ಆಡಿದ ಮನುಷ್ಯ, ಬೇಕಿದ್ದರೆ ಊರಿಗೆ ಹೋಗಿ ಟೀವಿಯಲ್ಲಿ ಕೂತು ಆರಾಮಾಗಿ ಮಾತಾಡಿಕೊಂಡಿರಬಹುದಿತ್ತು. ಹಾಗೆ ಮಾಡದೆ ಸೌತಾಂಪ್ಟನ್‌ನಿಂದ ಅಮೆರಿಕದ ಕನೆಕ್ಟಿಕಟ್‌ಗೆ ಹೋಗಿ, ಹಾರ್ಟ್‌ಫರ್ಡ್ ಅಥ್ಲೆಟಿಕ್ ಎಂಬ ಎರಡನೇ ದರ್ಜೆಯ ತಂಡ ಹಿಡಿದರು. ಕೊರೊನಾ ಕಾಲದ 2020ರ ಸೀಸನ್‌ನಲ್ಲಿ ಅದನ್ನು ಪ್ಲೇಆಫ್‌ಗೆ ತಂದರು. 2021ರಲ್ಲಿ ಎಸ್ಪೆರಾನ್ಸ್ ಕರೆಯಿತು. ಹದಿನೇಳು ವರ್ಷದ ಮೇಲೆ ಅದೇ ಕ್ಲಬ್‌ಗೆ ಕೋಚ್ ಆಗಿ ಹೋಗಿ 2022ರಲ್ಲಿ ಲೀಗ್ ಗೆದ್ದುಕೊಟ್ಟರು. ಆಫ್ರಿಕಾದ ಚಾಂಪಿಯನ್ಸ್ ಲೀಗ್ ಮಾತ್ರ ಆಗಲೂ ಒಲಿಯಲಿಲ್ಲ, ಕ್ವಾರ್ಟರ್‌ಫೈನಲ್‌ನಲ್ಲಿ ಅಲ್ಜೀರಿಯಾದ ಸೆತೀಫ್ ಎದುರು ಸೋತರು. ಆ ಬೇಸಿಗೆಗೇ ಎಸ್ಪೆರಾನ್ಸ್ ಬೇರೆ ಕೋಚ್ ತಂದಿತು. ಆ ಕ್ಲಬ್‌ನಲ್ಲಿ ಲೀಗ್ ಗೆದ್ದರೆ ಸಾಲದು.

ನಿಮ್ಮಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. 'ಹಾಗಾದರೆ ಹಾತಿಮ್ ತ್ರಾಬೆಲ್ಸಿಗಿಂತ ಜೈದಿ ದೊಡ್ಡ ಆಟಗಾರನೇ?' ಒಳ್ಳೇ ಪ್ರಶ್ನೆ. ಇಲ್ಲ. ಬರೀ ಆಟ ನೋಡಿದರೆ ತ್ರಾಬೆಲ್ಸಿ ಮೇಲೆ, ಅದರಲ್ಲಿ ನನಗೆ ಅನುಮಾನ ಇಲ್ಲ. 2001ರಲ್ಲಿ, 24ರ ವಯಸ್ಸಿಗೆ, ಟ್ಯುನೀಸಿಯಾದ ಸ್ಫಾಕ್ಸ್‌ನಿಂದ ನೇರ ಹಾಲೆಂಡಿನ ಅಯಾಕ್ಸ್ ಕ್ಲಬ್‌ಗೆ ಹೋದ ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್. 2002 ಮತ್ತು 2004ರಲ್ಲಿ ಡಚ್ ಲೀಗ್ ಗೆದ್ದರು. ಬಲಗಡೆ ಅವರು ಓಡಿದರೆ ನೋಡೋಕೆ ಖುಷಿ. ಇಂಗ್ಲೆಂಡಿಗೂ ಬಂದರು, 2006ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ. ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಯುನೈಟೆಡ್ ವಿರುದ್ಧ ಒಂದು ಸೊಗಸಾದ ಗೋಲು ಹೊಡೆದರು, ಪಂದ್ಯ ಸೋತರು. ಒಂದೇ ಸೀಸನ್. ಆಮೇಲೆ ಸೌದಿಗೆ ಹೋದರು. ಅವರಿಗಿಂತ ಎರಡು ವರ್ಷ ಮೊದಲು ಅದೇ ಲೀಗ್‌ಗೆ ಬಂದ ಜೈದಿ, ಅವರು ಹೋಗಿ ಐದು ವರ್ಷ ಆದರೂ ಇಂಗ್ಲೆಂಡಿನಲ್ಲಿ ಬೂಟು ಕಟ್ಟುತ್ತಲೇ ಇದ್ದರು. ನೋಡೋಕೆ ಟಿಕೆಟ್ ತಗೊಳ್ಳಿ ಅಂದರೆ ನಾನು ತ್ರಾಬೆಲ್ಸಿಗೇ ತಗೊಳ್ತೀನಿ. ತಂಡ ಕಟ್ಟೋಕೆ ಕೂರಿಸಿದರೆ ಮೊದಲು ಬರೆಯೋ ಹೆಸರು ಜೈದಿಯದು.